ಸೇಂಟ್ ಯೋರ್ಗೆನ್ ಹೆಸರಿನ ಎರಡು ಊರು

ನಮ್ಮ ಆಗುಂಬೆಯ ಮಳೆ ನೆಟ್ಟಗೆ ಸುರಿದರೆ ನಾರ್ವೆಯ ಬರ್ಗೆನ್ನಿನದು ಅಡ್ಡಡ್ಡ ಬೀಸುತ್ತದೆ. ಕೊಡೆ ಪದೇ ಪದೇ ಮಗುಚಿಕೊಳ್ಳುತ್ತಿದೆ. ಮಡಚಿ ಕಂಕುಳಲ್ಲಿಟ್ಟು, ನೆನೆಯುತ್ತಲೇ ನಡೆಯುತ್ತೇನೆ.

ರೈಲು ನಿಲ್ದಾಣದಿಂದ ತುಸು ದೂರದಲ್ಲೇ ಸೇಂಟ್ ಯೋರ್ಗೆನ್ ಆಸ್ಪತ್ರೆ. ಶತಮಾನಗಳ ಕಾಲ ಕುಷ್ಠರೋಗಿಗಳ ನೆಲೆ, 1702ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು, ಈಗ ವಸ್ತುಸಂಗ್ರಹಾಲಯ. ಒಳಗೆ ಕಾಲಿಟ್ಟರೆ ಮಲೆನಾಡಿನ ತೊಟ್ಟಿಮನೆಯೇ ನೆನಪಾಗುತ್ತದೆ: ನಡುವೆ ಎತ್ತರದ ಪಡಸಾಲೆ, ಸುತ್ತ ಎರಡಂತಸ್ತಿನಲ್ಲಿ ಕೋಣೆಗಳ ಸಾಲು. ಒಂದೊಂದೂ ಎಷ್ಟು ಇಕ್ಕಟ್ಟು! ಮರದ ಹಲಗೆ ಕಾಲಡಿ ಕಿರುಗುಟ್ಟುತ್ತದೆ. ಇಲ್ಲಿನ ಕೊನೆಯ ಇಬ್ಬರು ರೋಗಿಗಳು ತೀರಿಕೊಂಡದ್ದು 1946ರಲ್ಲಿ.

ಇದೇ ಹಲಗೆಗಳ ಮೇಲೆ ಓಡಾಡಿದ ವೈದ್ಯರು ಡ್ಯಾನಿಯೆಲ್ಸನ್. ಕುಷ್ಠ ವಂಶದಲ್ಲೇ ಇಳಿದುಬರುತ್ತದೆ ಎಂದು ನಂಬಿದವರು. ರೋಗಿಯ ಗಂಟಿನ ದ್ರವ್ಯವನ್ನು ತಮ್ಮ ಮೈಗೇ ಸೇರಿಸಿಕೊಂಡು ನೋಡಿದರು. ಏನೂ ಆಗಲಿಲ್ಲ! 'ಆ ಮನೆತನದಲ್ಲಿ ದೊಡ್ಡರೋಗ ಇದೆಯಂತೆ' ಎಂಬ ಪಿಸುಮಾತಿಗೆ ನಮ್ಮೂರುಗಳಲ್ಲಿ ಎಷ್ಟು ಮದುವೆ ಮುರಿದಿವೆಯೋ. ಅದೇ ಮಾತು ಇಲ್ಲಿ ದೊಡ್ಡ ವೈದ್ಯರ ಸಿದ್ಧಾಂತವಾಗಿತ್ತೆಂದು ಕೇಳಿ ಬೆರಗೂ ಸಂಕಟವೂ ಒಟ್ಟಿಗೇ ಆಗುತ್ತವೆ.

ಇನ್ನೊಂದು ವಸ್ತುಸಂಗ್ರಹಾಲಯದ ತೋಟದಲ್ಲಿ ಆರ್ಮೋರ್ ಹ್ಯಾನ್ಸನ್ ಪ್ರತಿಮೆ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. 1873ರಲ್ಲಿ ಕುಷ್ಠದ ರೋಗಾಣುವನ್ನು ಕಂಡ ಇವರು ಅದೇ ವರ್ಷ ಡ್ಯಾನಿಯೆಲ್ಸನ್ನರ ಅಳಿಯನೂ ಆದರು. ಮಾವ ವಂಶವೆಂದರೆ ಅಳಿಯ ರೋಗಾಣುವೆನ್ನುತ್ತಾರೆ! 1888ರಲ್ಲಿ ಹ್ಯಾನ್ಸನ್ ಅಮೆರಿಕಕ್ಕೇ ಹೋಗಿ, ವಲಸೆ ಹೋದ ನಾರ್ವೆಯ ರೋಗಿಗಳ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿ ನೋಡಿದರು. ಒಬ್ಬರಲ್ಲೂ ರೋಗ ಕಾಣಲಿಲ್ಲ.

ಅಲ್ಲಿಂದ ಡೆನ್ಮಾರ್ಕಿನ ಓಡೆನ್ಸೆ. ನಿಲ್ದಾಣದ ಒಂದು ಕಪ್ ಕಾಫಿಯ ದುಡ್ಡಿಗೆ ನಮ್ಮ ದರ್ಶಿನಿಯಲ್ಲಿ ನಾಲ್ವರು ಹೊಟ್ಟೆತುಂಬ ತಿಂಡಿ ತಿನ್ನಬಹುದು. ಈ ಊರಲ್ಲೂ ಮಧ್ಯಯುಗದ ಕುಷ್ಠರೋಗಿಗಳ ಸ್ಮಶಾನವೊಂದಿತ್ತು, ಅದರ ಹೆಸರೂ ಸೇಂಟ್ ಯೋರ್ಗೆನ್! ಅಲ್ಲಿ ಅಗೆದ ಅಸ್ಥಿಗಳ ಡಿಎನ್‌ಎ ಓದಿದ ವಿಜ್ಞಾನಿಗಳು 2018ರಲ್ಲಿ ಬರೆದದ್ದು ನನ್ನನ್ನು ಇಲ್ಲಿಯವರೆಗೆ ಎಳೆದುತಂದಿದೆ. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಜೀನೊಂದರ ಒಂದು ರೂಪ ಈ ರೋಗಿಗಳಲ್ಲಿ ಹೆಚ್ಚಾಗಿತ್ತು. ಇಂದಿನ ಭಾರತದ ರೋಗಿಗಳಲ್ಲೂ ಅದೇ ರೂಪದ ನಂಟು ಕಂಡಿದೆ. ಎಲ್ಲಿಯ ಓಡೆನ್ಸೆ, ಎಲ್ಲಿಯ ನಮ್ಮ ನಾಡು!

ರೋಗಾಣು ಹೊರಗಿನಿಂದಲೇ ಬರುತ್ತದೆ, ಅಳಿಯ ಹೇಳಿದ್ದು ಸರಿ. ಆದರೆ ನೂರರಲ್ಲಿ ಸುಮಾರು 95 ಮಂದಿಯ ಮೈ ಅದನ್ನು ತಾನೇ ಹತ್ತಿಕ್ಕುತ್ತದೆ. ಉಳಿದವರಲ್ಲಿ ಯಾರ ಮೈ ಸೋತೀತು ಎಂಬುದರಲ್ಲಿ ವಂಶವಾಹಿಗಳ ಪಾಲೂ ಇದೆ. ಡ್ಯಾನಿಯೆಲ್ಸನ್ ಬಹುಶಃ ಆ 95ರಲ್ಲೊಬ್ಬರು. ಈಗಂತೂ ಯಾವ ವಂಶದವರೇ ಇರಲಿ, 6ರಿಂದ 12 ತಿಂಗಳು ಬಹುಔಷಧ ಚಿಕಿತ್ಸೆ ಪಡೆದರೆ ಗುಣವಾಗುತ್ತಾರೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.