ದುರ್ಗದಲ್ಲಿ ನಿಂತ ಪದ್ಮಿನಿ

ಚಿತ್ರದುರ್ಗದಲ್ಲಿ ಕಾರಿಟ್ಟುಕೊಂಡವನಿಗೆ ಹ್ಯಾಂಡ್‌ಬ್ರೇಕ್ ಯಾಕೆ ಬೇಕು ಎಂದು ನಮ್ಮಪ್ಪ ಕೇಳುತ್ತಿದ್ದರು. ಎಲ್ಲಿ ನಿಲ್ಲಿಸಿ ಬಾಗಿಲು ತೆಗೆದರೂ ಕಾಲಿಗೆ ಮೊದಲು ತಾಗುವುದು ಕಲ್ಲು. ಏಳು ಸುತ್ತಿನ ಕೋಟೆ ಕಟ್ಟಿಯೂ ಮುಗಿಯದ ಕಲ್ಲು ಒಂದು ಫಿಯಟ್ಟಿನ ಹಿಂದಿನ ಚಕ್ರಕ್ಕೆ ಸಾಲದೇನು?

ಕಾರು ಪ್ರೀಮಿಯರ್ ಪದ್ಮಿನಿ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರೊಬ್ಬರಿಂದ ಅಪ್ಪ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು. ಮೊದಲೆರಡು ವರ್ಷ ಒಳಗೆಲ್ಲ ಶೇಂಗಾ ಹಿಂಡಿಯ ವಾಸನೆ. ಫಿಯಟ್ 1100 ಎಂಬ ಇಟಲಿಯ ಹೆಸರನ್ನು ಎಪ್ಪತ್ತರ ದಶಕದಲ್ಲಿ ತೆಗೆದು ಕಂಪನಿಯವರು ಚಿತ್ತೋರಿನ ರಾಣಿಯ ಹೆಸರಿಟ್ಟಿದ್ದರು. ಆ ಕೋಟೆಯ ರಾಣಿ ಈ ಕೋಟೆಗೆ ಬಂದದ್ದು ಒಪ್ಪುವ ಮಾತೇ. ಆದರೆ ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ನಿಂತು ಒಂದಡಿಯೂ ಕದಲದ ಓಬವ್ವನ ಊರಿನಲ್ಲಿ, ನಮ್ಮ ರಾಣಿಗೆ ಮಾತ್ರ ನಿಂತಲ್ಲಿ ನಿಲ್ಲುವ ಬುದ್ಧಿ ಇರಲಿಲ್ಲ.

ಹ್ಯಾಂಡ್‌ಬ್ರೇಕ್ ಇರಲಿಲ್ಲವೆಂದಲ್ಲ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಕೊಡೆಯ ಹಿಡಿಯ ಹಾಗೆ ಎಳೆಯುವ ಹಿಡಿಯೊಂದಿತ್ತು. ಎಳೆದರೆ ಹಲ್ಲಿಗೆ ಹಲ್ಲು ಕಚ್ಚಿ ನಿಲ್ಲಬೇಕು. ಅದರಿಂದ ಹೊರಟ ಕೇಬಲ್ಲು ಕಾರಿನ ಹೊಟ್ಟೆಯಡಿ ಹಾದು ಹಿಂದಿನ ಎರಡು ಡ್ರಮ್ಮುಗಳೊಳಗಿನ ಬ್ರೇಕ್ ಶೂಗಳನ್ನು ಅಗಲಿಸಬೇಕು. ಚಕ್ರ ತಿರುಗದೆ ನಿಲ್ಲಬೇಕು. ಇಷ್ಟರಲ್ಲಿ ನಮ್ಮ ಕಾರಿನಲ್ಲಿ ನಡೆಯುತ್ತಿದ್ದದ್ದು ಎಳೆಯುವುದೊಂದೇ. ಕವಚದೊಳಗೆ ತಂತಿ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಹಲ್ಲು ಸವೆದಿತ್ತು, ಒಂದು ಕಡೆಯ ಆಯಿಲ್ ಸೀಲ್ ಸೋರಿ ಲೈನರ್ ಎಣ್ಣೆ ಕುಡಿದು ಕೂತಿತ್ತು. ಅಪ್ಪ ಆ ಹಿಡಿಗೆ ಗಾಜು ಒರೆಸುವ ಬಟ್ಟೆಯನ್ನು ನೇತುಹಾಕುತ್ತಿದ್ದರು. ಅವರ ಕಾಲ ಮುಗಿದ ಮೇಲೆ ನಾನೂ ಹಾಗೇ ಮಾಡಿದೆ. ಪಿತ್ರಾರ್ಜಿತ ಎಂದರೆ ಕಾರಿನ ಜೊತೆ ಈ ಪದ್ಧತಿಗಳೂ ಸೇರಿ ಬರುತ್ತವೆ.

ಗೇರಿನಲ್ಲಿ ನಿಲ್ಲಿಸಬಹುದಿತ್ತಲ್ಲ ಎಂದು ಕಾರು ಬಲ್ಲವರು ಕೇಳಿಯಾರು. ನಿಲ್ಲಿಸುತ್ತಿದ್ದೆವು. ಏರಿಗೆ ಫಸ್ಟ್, ಇಳಿಜಾರಿಗೆ ರಿವರ್ಸ್. ಆದರೆ ದಣಿದ ಇಂಜಿನ್ನಿನಲ್ಲಿ ಕಂಪ್ರೆಷನ್ ಎಲ್ಲಿಂದ ಬರಬೇಕು? ಜೋಗಿಮಟ್ಟಿಯ ಏರಿನಲ್ಲಿ ಕಾರು ಎರಡು ನಿಮಿಷ ಮರ್ಯಾದೆಯಿಂದ ನಿಂತು, ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ಗೇಣು ಹಿಂದಕ್ಕೆ ಸರಿಯುತ್ತಿತ್ತು. ಇನ್ನೆರಡು ನಿಮಿಷಕ್ಕೆ ಇನ್ನೊಂದು ಗೇಣು.

ಹಾಗಾಗಿ ಕಿಟಕಿ ಬದಿಯ ಆಸನಕ್ಕೊಂದು ಹುದ್ದೆ ಹುಟ್ಟಿಕೊಂಡಿತು. ಮೊದಲು ಅಮ್ಮ, ಆಮೇಲೆ ನನ್ನ ಹೆಂಡತಿ. ಕಾರು ಪೂರ್ತಿ ನಿಲ್ಲುವ ಮೊದಲೇ ಸೆರಗು ಸಿಕ್ಕಿಸಿ ಇಳಿದು, ಕಲ್ಲು ಹುಡುಕಿ, ಚಕ್ರದಡಿ ಕೊಟ್ಟು, "ಬಿಡ್ರೀ ಈಗ" ಎನ್ನಬೇಕು. ಆಗ ನಾನು ಕಾಲುಬ್ರೇಕು ಬಿಡಬೇಕು. ಹೊಸದುರ್ಗದ ಕಡೆ ತೋಟಗಳ ನಡುವಿನ ದಾರಿಯಲ್ಲಿ ಒಮ್ಮೆ ಕಲ್ಲು ಸಿಗದೆ, ಅವಳು ಸುಲಿಯದ ತೆಂಗಿನಕಾಯಿ ಕೊಟ್ಟಳು. ಕಾಯಿ ಉರುಳಿತು, ಕಾರೂ ಉರುಳಿತು, ಎರಡೂ ಒಂದೇ ಕಾಲುವೆಯಲ್ಲಿ ನಿಂತವು. ತೋಟದವರು ಬಂದು ಮೊದಲು ಕಾಯಿ ನಮ್ಮ ತೋಟದ್ದೇ ಎಂದು ವಿಚಾರಿಸಿ, ಆಮೇಲೆ ಕಾರಿಗೆ ಹೆಗಲು ಕೊಟ್ಟರು.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು. 1933ರ ನಂತರ ಮೊದಲ ಸಲ, 89 ವರ್ಷ. ಅಜ್ಜಿ ಹೇಳುತ್ತಿದ್ದ ಕಥೆ ಕಣ್ಣೆದುರಿಗೆ ಬಂದಿದೆಯೆಂದರೆ ಮನೆಯಲ್ಲಿ ಕೂರುವವರು ಯಾರು? ಇಡೀ ಜಿಲ್ಲೆಯೇ ಹಿರಿಯೂರಿನ ದಾರಿ ಹಿಡಿದಿತ್ತು. ಕಣಿವೆ ಮಾರಮ್ಮನಿಗೆ ಕೈಮುಗಿದು ಬಂದವರು, ಸೆಲ್ಫಿಯವರು, ಮಿರ್ಚಿ ಬಜ್ಜಿಯ ಗಾಡಿಗಳು. ಇಳಿಜಾರಿನಲ್ಲಿ ಒಂದಿಷ್ಟು ಜಾಗ ಸಿಕ್ಕಿತು. ಸುತ್ತ ಇದ್ದ ಕಲ್ಲುಗಳನ್ನೆಲ್ಲ ನಮಗಿಂತ ಮೊದಲು ಬಂದವರು ಕೂರಲು ಎತ್ತಿಕೊಂಡಿದ್ದರು. ವೇದಾವತಿಯನ್ನೇ ಎರಡು ಗುಡ್ಡಗಳ ನಡುವೆ ಹಿಡಿದು ನಿಲ್ಲಿಸಿದ ಜಾಗದಲ್ಲಿ ಒಂದು ಪದ್ಮಿನಿಯನ್ನು ನಿಲ್ಲಿಸುವ ಉಪಾಯ ನಮಗಿರಲಿಲ್ಲ. ಕೊನೆಗೆ ಪಾಳಿ ಮಾಡಿಕೊಂಡೆವು. ನಾನು ಬ್ರೇಕು ಒತ್ತಿ ಕೂತೆ, ಅವಳು ಹೋಗಿ ನೀರು ನೋಡಿ ಬಂದಳು. ಅವಳಿಗೆ ಡ್ರೈವಿಂಗ್ ಬರದಿದ್ದರೂ ಬ್ರೇಕು ಒತ್ತಲು ಬರುತ್ತಿತ್ತು, ಆಮೇಲೆ ನಾನು ನೋಡಿ ಬಂದೆ. ನೂರು ವರ್ಷಕ್ಕೆ ಹತ್ತಿರವಾದ ಒಂದು ನೋಟವನ್ನು ಗಂಡ ಹೆಂಡತಿ ಬೇರೆ ಬೇರೆಯಾಗಿ ನೋಡಿ, ಮನೆಗೆ ಬರುವ ದಾರಿಯಲ್ಲಿ ಒಬ್ಬರಿಗೊಬ್ಬರು ವರ್ಣಿಸಿಕೊಂಡೆವು. ಅವಳ ವರ್ಣನೆಯಲ್ಲಿ ನೀರು ಹೆಚ್ಚಿತ್ತು.

ನೋಂದಣಿ ನವೀಕರಣವೂ ಆ ಹೊತ್ತಿಗೇ ಬಂತು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆಯುಷ್ಯ ಹೆಚ್ಚಿಸಿಕೊಳ್ಳಬೇಕು. ಆರುನೂರಿದ್ದ ಶುಲ್ಕ ಆ ವರ್ಷದ ಏಪ್ರಿಲ್‌ನಿಂದ 5,000 ಆಗಿತ್ತು. ತಪಾಸಣೆಯವರು ಒಳ್ಳೆಯವರು. ಹ್ಯಾಂಡ್‌ಬ್ರೇಕ್ ಎಳೆಯಲು ಹೇಳಿದರು, ಎಳೆದೆ. ಹಿಂದಿನಿಂದ ಒಂದು ಕೈಯಲ್ಲಿ ತಳ್ಳಿದರು. ಕಾರು ವಿನಯದಿಂದ ಮುಂದೆ ಹೋಯಿತು. "ಬಟ್ಟೆ ಚೆನ್ನಾಗಿ ಒಣಗುತ್ತೆ ಇದರ ಮೇಲೆ. ಬ್ರೇಕು ಮಾಡಿಸ್ಕೊಂಡು ಬನ್ನಿ ಸಾರ್" ಎಂದರು.

ನಮ್ಮ ಮೇಸ್ತ್ರಿಗೆ ಫಿಯಟ್ಟುಗಳ ಮೇಲೆ ಮೊದಲಿನಿಂದಲೂ ಮೋಹ. ಕಾರಿನಡಿ ಮಲಗಿ ಟಾರ್ಚು ಹಾಕಿ ನೋಡಿ, "ಕೇಬಲ್ಲು ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಿಕ್ಕಿದರೂ ಸಿಕ್ಕೀತು. ಈ ಹಿಡಿಯ ಹಲ್ಲು ಸಿಗಲ್ಲ ಸಾರ್. ಬಾಂಬೆಲಿ ಟ್ಯಾಕ್ಸಿಗಳಿರೋ ತನಕ ಸಾಮಾನು ಬರ್ತಿತ್ತು, ಅವೂ ಮುಗೀತಾ ಬಂದ್ವು" ಎಂದ. ಅವನು ಹೇಳಿದ್ದು ಸರಿಯೇ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದಿಳಿಯಿತು. ಈ ಬಿಡಿಭಾಗದ ಚಿಂತೆ ಬಂದಾಗೆಲ್ಲ ನನಗೆ ವಿಶ್ವೇಶ್ವರಯ್ಯನವರು ನೆನಪಾಗುತ್ತಾರೆ. 1930ರ ದಶಕದಲ್ಲೇ ಅವರು ಕಾರು ಕಾರ್ಖಾನೆಗೆ ಯೋಜನೆ ಹಾಕಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ಅದನ್ನು ಬೆಂಗಳೂರಿಗೆ ತರಲು ನೋಡಿದರು. ಬ್ರಿಟಿಷ್ ಸರ್ಕಾರ ಬೆನ್ನು ತಿರುಗಿಸಿತು. 1944ರಲ್ಲಿ ವಾಲ್‌ಚಂದ್ ಮುಂಬಯಿಯಲ್ಲಿ ಪ್ರೀಮಿಯರ್ ಶುರುಮಾಡಿದರು. ಬೆಂಗಳೂರಿನಲ್ಲೇ ಆಗಿದ್ದರೆ ನನ್ನ ಹ್ಯಾಂಡ್‌ಬ್ರೇಕಿನ ಹಲ್ಲು ತುಮಕೂರು ದಾಟಿ ಮಧ್ಯಾಹ್ನದ ಬಸ್ಸಿಗೆ ಬಂದಿಳಿಯುತ್ತಿತ್ತು. ವಸಾಹತುಶಾಹಿಯ ದುಷ್ಪರಿಣಾಮಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸಿಲ್ಲ.

ಮೇಸ್ತ್ರಿಯ ಸಲಹೆ ಬೇರೆಯದೇ ಇತ್ತು. ಗುಜರಿಗೆ ಬಂದ ಮಾರುತಿ 800ರ ಲಿವರು ತಂದು, ನಡುವೆ ನೆಲಕ್ಕೆ ಬ್ರಾಕೆಟ್ ವೆಲ್ಡ್ ಮಾಡಿ ಕೂರಿಸುವುದು. ಹೊಸ ಕೇಬಲ್ಲನ್ನು ಅಳತೆಗೆ ಕತ್ತರಿಸಿ ಎರಡು ಚಕ್ರಕ್ಕೂ ಸಮನಾಗಿ ಎಳೆತ ಹಂಚುವುದು, ಸೀಲ್ ಬದಲಿಸಿ ಡ್ರಮ್ಮನ್ನು ಲೇತಿಗೆ ಹಾಕಿಸಿ ಹೊಸ ಲೈನರ್ ಹಾಕುವುದು. ಎಲ್ಲ ಒಪ್ಪಿದೆ. ಆಮೇಲೆ ತಲೆ ಕೆರೆದುಕೊಂಡು ಹೇಳಿದ, "ಒಂದೇ ಸಾರ್, ಲಿವರು ನಡುವೆ ಬರೋದ್ರಿಂದ ಮುಂದಿನ ಉದ್ದ ಸೀಟು ತೆಗೀಬೇಕು. ಎರಡು ಬಿಡಿ ಸೀಟು ಹಾಕ್ತೀನಿ."

ಪದ್ಮಿನಿಯ ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇರುವುದರಿಂದ ಮುಂದಿನ ಸೀಟು ಉದ್ದಕ್ಕೆ ಒಂದೇ, ಕಾಲಿಗೆ ಅಡ್ಡಿಯಿಲ್ಲ. ಮೂವರು ಆರಾಮಾಗಿ ಕೂರಬಹುದು. ಅಪ್ಪ ಅಮ್ಮನ ನಡುವೆ ನಾನು ಕೂತು ಹೊಳಲ್ಕೆರೆಯ ಬಯಲು ಗಣಪತಿಗೆ ಹೋದದ್ದು, ನಮ್ಮಿಬ್ಬರ ನಡುವೆ ಮಗ ಕೂತು ಸಾಣೇಹಳ್ಳಿಯ ನಾಟಕಕ್ಕೆ ಹೋದದ್ದು, ವಾಪಸು ಬರುವಾಗ ಅವನು ಯಾರ ಹೆಗಲಿಗೆ ಒರಗಿ ನಿದ್ದೆ ಮಾಡಬೇಕೆಂದು ಜಗಳವಾದದ್ದು.

"ನಡುವೆ ಕೂರೋರು ಈಗ ಯಾರಿದ್ದಾರೆ ಸಾರ್?" ಎಂದ ಮೇಸ್ತ್ರಿ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅಳತೆಗಾಗಿ ಕೇಳಿದ್ದು. ಮಗ ಪುಣೆಯಲ್ಲಿದ್ದಾನೆ. ದೀಪಾವಳಿಗೆ ಬಂದರೆ ಅವನದೇ ಕಾರು. ಗುಂಡಿ ಒತ್ತಿದರೆ ಬ್ರೇಕು ತಾನೇ ಹಿಡಿಯುತ್ತದೆ.

ಕೆಲಸ ಮುಗಿಯಿತು. ಜೋಗಿಮಟ್ಟಿಯ ಅದೇ ಏರಿನಲ್ಲಿ ಲಿವರು ಎತ್ತಿದೆ. ಕರ್, ಕರ್, ಕರ್. ಕಾಲು ತೆಗೆದೆ. ಕಾರು ನಿಂತಿತು. ಪಕ್ಕಕ್ಕೆ ನೋಡಿದರೆ ಹೆಂಡತಿ ಆಗಲೇ ಇಳಿದು ಕಲ್ಲು ಹಿಡಿದು ನಿಂತಿದ್ದಾಳೆ. ಬೇಡ ಎಂದೆ. "ಬೇಡ್ವಾ?" ಎಂದಳು. ಸಂತೋಷದ ದನಿಯೇ, ಆದರೆ ಕಲ್ಲನ್ನು ತಕ್ಷಣ ಬಿಸಾಡಲಿಲ್ಲ. ನಿವೃತ್ತಿಯ ದಿನ ನಮ್ಮ ಹೆಡ್‌ಮಾಸ್ಟರು ಬೀರುವಿನ ಬೀಗದಕೈ ಹಿಡಿದು ಹೀಗೇ ನಿಂತಿದ್ದರು. ಈಗ ನಮ್ಮಿಬ್ಬರ ನಡುವೆ ಲಿವರಿದೆ. ಮಾತಾಡುವಾಗ ಅವಳ ಬಳೆ ಅದಕ್ಕೆ ತಾಗುತ್ತದೆ. "ಮಗನ ಜಾಗದಲ್ಲಿ ಮಾರುತಿ ಕೂತವ್ನೆ" ಅನ್ನುತ್ತಾಳೆ.

ಹಳೆಯ ಸೀಟನ್ನು ಗುಜರಿಗೆ ಹಾಕಲು ಮೇಸ್ತ್ರಿಗೆ ಮನಸ್ಸಾಗಲಿಲ್ಲ. ಇಟ್ಟಿಗೆ ಕೊಟ್ಟು ಶೆಡ್ಡಿನ ಮುಂದೆ ಹಾಕಿಕೊಂಡಿದ್ದಾನೆ. ಗಿರಾಕಿಗಳು ಅದರ ಮೇಲೆ ಕೂತು ಚಾ ಕುಡಿಯುತ್ತಾರೆ. ಮೊನ್ನೆ ಆಯಿಲ್ ಬದಲಿಸಲು ಹೋದಾಗ ನಾವಿಬ್ಬರೂ ಕೂತೆವು. ರೂಢಿಯಂತೆ ನಾನು ಬಲಗಡೆ, ಅವಳು ಎಡಗಡೆ. ನಡುವೆ ಒಬ್ಬರ ಜಾಗ ಖಾಲಿ. ಲಾರಿ ಕ್ಲೀನರ್ ಹುಡುಗನೊಬ್ಬ ಚಾ ಹಿಡಿದು ಬಂದು, ಎಲ್ಲಿ ಕೂರುವುದೆಂದು ನೋಡಿದ.

"ಬಾರಪ್ಪ, ಇಲ್ಲೇ ನಡುವೆ ಕೂತ್ಕೋ" ಎಂದಳು ಅವಳು. "ಇದು ಜಾರಲ್ಲ."