ಚೆಂಡೆಗೆ ಬಿಟ್ಟ ಜಾಗ

ಡೊಂಬಿವಲಿಯ ಆ ಮನೆಯಲ್ಲಿ ಎರಡು ಕ್ಯಾಸೆಟ್‌ಗಳಿದ್ದವು. ಫೋರ್ಟಿನ ಕ್ಯಾಂಟೀನೊಂದರಲ್ಲಿ ದುಡಿಯುತ್ತಿದ್ದ ಅಪ್ಪ ರಜೆಯ ರಾತ್ರಿಗಳಲ್ಲಿ ತಾಳಮದ್ದಳೆಯ ಅರ್ಥಧಾರಿ. ವಾಲಿವಧೆಯ ವಾಲಿ ಅವರ ಇಷ್ಟದ ಪಾತ್ರ. ತೀರಿಕೊಂಡ ಮೇಲೆ ಅವರ ಸ್ವರ ಉಳಿದದ್ದು ಆ ಎರಡು ಕ್ಯಾಸೆಟ್‌ಗಳಲ್ಲಿ ಮಾತ್ರ.

ಅಂಧೇರಿಯಲ್ಲಿ ಜಾಹೀರಾತುಗಳ ಧ್ವನಿ ಕೆಲಸ ಮಾಡುವ ಮಗ ಮೊದಲನೆಯದನ್ನು ಕಂಪ್ಯೂಟರಿಗೆ ಇಳಿಸಲು ಕೂತ. ಅಪ್ಪನ ಮಾತು ಕೇಳಿ ಲೆವೆಲ್ ಇಟ್ಟು, ಚಹಾಕ್ಕೆ ಎದ್ದು ಹೋದ. ಬಂದು ನೋಡಿದರೆ, ಚೆಂಡೆ ಬಿದ್ದ ಕಡೆಯೆಲ್ಲ ಮೀಟರು ಕೆಂಪು. ಇನ್ನೊಮ್ಮೆ ಇಳಿಸೋಣವೆಂದು ಹಿಂದಕ್ಕೆ ಸುತ್ತುವಾಗ ಹಳೆಯ ಟೇಪು ಯಂತ್ರಕ್ಕೆ ಸಿಕ್ಕಿ ನುಜ್ಜುಗುಜ್ಜಾಯಿತು.

16 ಬಿಟ್‌ನ ಧ್ವನಿಯಲ್ಲಿ ಅಲೆಯ ಎತ್ತರ ಒಂದು ಸಂಖ್ಯೆ. ಮೇಲ್ಮುಖವಾಗಿ 32,767ರ ಆಚೆ ಸಂಖ್ಯೆಯೇ ಇಲ್ಲ. ಮೀಟರಿನಲ್ಲಿ ಅದೇ ಸೊನ್ನೆ ಡೆಸಿಬಲ್. ಟೇಪಿಗೆ ಹೆಚ್ಚು ತುಂಬಿದರೆ ಅಲೆ ಮೆಲ್ಲಗೆ ಬಾಗುತ್ತದೆ. ಡಿಜಿಟಲ್‌ನಲ್ಲಿ ಅಲೆಯ ನೆತ್ತಿಯೇ ಚಪ್ಪಟೆಯಾಗುತ್ತದೆ. ಆಮೇಲೆ ಎಷ್ಟು ತಗ್ಗಿಸಿದರೂ ಚಪ್ಪಟೆಯಾದದ್ದು ಚಪ್ಪಟೆಯೇ. ರಿಪೇರಿ ಮಾಡುವ ಸಾಫ್ಟ್‌ವೇರ್ ಇದೆ, ಆದರೆ ಅದು ಹೋದದ್ದನ್ನು ತರುವುದಿಲ್ಲ, ಏನಿದ್ದಿರಬಹುದೆಂದು ಊಹಿಸುತ್ತದೆ.

ಎರಡನೆಯದನ್ನು ಅವನು 24 ಬಿಟ್‌ನಲ್ಲಿ ಇಳಿಸಿದ. ಮೊದಲು ಹುಡುಕಿದ್ದು ಅತಿ ಜೋರಿನ ಚೆಂಡೆಪೆಟ್ಟನ್ನು. ಅದು ಸೊನ್ನೆಗಿಂತ 12 ಡೆಸಿಬಲ್ ಕೆಳಗೆ ನಿಲ್ಲುವಂತೆ ಲೆವೆಲ್ ಇಟ್ಟ. ಒಂದೊಂದು ಬಿಟ್ ಸುಮಾರು 6 ಡೆಸಿಬಲ್ ಕೊಡುವುದರಿಂದ ಅಷ್ಟು ಜಾಗ ಖಾಲಿ ಬಿಟ್ಟರೆ ನಷ್ಟವೇನಿಲ್ಲ.

ಅಮ್ಮ ಕೇಳಿ ಹೇಳಿದರು: "ಇವರ ಸ್ವರ ಸಣ್ಣ ಆಯ್ತಲ್ಲ ಮಗಾ, ಸ್ವಲ್ಪ ದೊಡ್ಡ ಮಾಡು."

ಇಡೀ ಕಡತವನ್ನು ಒಮ್ಮೆಲೇ ಏರಿಸಿದ್ದರೆ ಚೆಂಡೆ ಮತ್ತೆ ಸೊನ್ನೆಗೆ ಬಡಿಯುತ್ತಿತ್ತು. ಅವನು ಎರಡು ರಾತ್ರಿ ಕೂತು ದೊಡ್ಡ ಪೆಟ್ಟುಗಳನ್ನು ಒಂದೊಂದಾಗಿ ತುಸು ತಗ್ಗಿಸಿದ, ಆಮೇಲೆ ಎಲ್ಲವನ್ನೂ ಏರಿಸಿದ. ಲಿಮಿಟರಿನ ಮಿತಿ ಸೊನ್ನೆಯಲ್ಲಲ್ಲ, ಮೈನಸ್ 1ರಲ್ಲಿ. ಅಳೆದ ಎರಡು ಬಿಂದುಗಳ ನಡುವೆ ಅಲೆ ಇನ್ನೂ ಎತ್ತರಕ್ಕೆ ಹೋಗಬಹುದು; ಫೋನಿಗೆಂದು ಎಂಪಿ3 ಮಾಡುವಾಗಲೂ ನೆತ್ತಿ ಏರಬಹುದು.

ಇನ್ನೂ ಹಿಂಡಿ ಜೋರು ಮಾಡಬಹುದಿತ್ತು. ಜಾಹೀರಾತಿಗಾದರೆ ಹಾಗೇ ಮಾಡುತ್ತಿದ್ದ. ಆದರೆ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ ಅಪ್ಪ ಸ್ವರ ಇಳಿಸುತ್ತಿದ್ದರು. ಆ ಇಳಿತವೂ ಕಾಳಗದಷ್ಟೇ ಜೋರಾದರೆ ಅದು ಅಪ್ಪನ ವಾಲಿಯಲ್ಲ. ಅಲ್ಲಿಗೆ ನಿಲ್ಲಿಸಿದ.

ಈಗ ಅಮ್ಮ ಫೋನಿನ ಬಟನ್ ಮೇಲೆ ಹೆಬ್ಬೆರಳಿಟ್ಟು ಕೇಳುತ್ತಾರೆ. ಚೆಂಡೆ ಬಂದಾಗ ಇಳಿಸುತ್ತಾರೆ, ಮಾತು ಬಂದಾಗ ಏರಿಸುತ್ತಾರೆ. ಮೊದಲ ಕ್ಯಾಸೆಟ್ಟಿನ ಹರಿದ ಸದ್ದಿನ ಕಡತವನ್ನೂ ಮಗ ಅಳಿಸಿಲ್ಲ. ಚೆಂಡೆ ಇಲ್ಲದ ಕಡೆ ಅದರಲ್ಲೂ ಅಪ್ಪ ಸರಿಯಾಗಿಯೇ ಕೇಳಿಸುತ್ತಾರೆ.