‘ಗೋ’ ಅಲ್ಲ ಅಮ್ಮಿ, ‘ಕಮ್’

ಕಳೆದ ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂತು. ಅವಳು ಕೊಂಡ್ಲಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಹೋಗಿ ಪಿಯುಸಿ ಓದುತ್ತಾಳೆ. ರಜಾ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆಯುತ್ತೇನೆಂದು ಹಟ ಹಿಡಿದು ಕುಳಿತೆ. ಕೊನೆಯಲ್ಲಿ ‘ಸೋಮವಾರ ಕಾಲೇಜಿಗೆ ಬರುತ್ತಾಳೆ’ ಎನ್ನಲು ‘ಶಿ ವಿಲ್ ಗೋ ಟು ಕಾಲೇಜ್’ ಎಂದು ಬರೆದೆ. ಮಗಳು ಹಾಸಿಗೆಯಲ್ಲೇ ಓದಿ ನಕ್ಕಳು.

“ಅಮ್ಮಿ, ಮೇಷ್ಟ್ರು ಕೂತಿರೋದೇ ಕಾಲೇಜಿನಲ್ಲಿ. ಅವರಿಗೆ ಹೇಳುವಾಗ ‘ಕಮ್’. ಕನ್ನಡದಲ್ಲಿ ಬರೆದಿದ್ದರೆ ನೀನೂ ‘ಬರ್ತಾಳೆ’ ಅಂತಾನೇ ಬರೀತಿದ್ದೆ.”

ನಿಜವೇ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಾನು ಮೂರರಲ್ಲೂ ತಪ್ಪುವುದಿಲ್ಲ. ಇಂಗ್ಲಿಷ್ ಎಂದ ಕೂಡಲೇ ಬುದ್ಧಿ ಮಂಕಾಗುತ್ತದೆ. ನಮ್ಮ ಕಾಲಕ್ಕೆ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಏಳಕ್ಕೆ ನನ್ನ ಶಾಲೆಯೇ ಮುಗಿಯಿತು. ಮುಂದೆ ಓದಲು ಬಸ್ಸು ಹತ್ತಬೇಕಿತ್ತು, ಹತ್ತಿಸುವವರಿರಲಿಲ್ಲ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅದು ಮಗಳ ಪಾಲಿಗೆ ಸಿಕ್ಕಿತು.

ಅಂದಿನಿಂದ ರಾತ್ರಿ ರೊಟ್ಟಿ ತಟ್ಟುವಾಗ ಅವಳು ಒಂದೊಂದು ಪದ ಹೇಳಿಕೊಡುತ್ತಾಳೆ. ‘ಬ್ರಿಂಗ್’, ‘ಟೇಕ್’ ಸುಲಭ. ತರುವುದು, ಒಯ್ಯುವುದು, ಅಷ್ಟೆ. ‘ಟ್ರಿಪ್’ ಕೂಡ ನನಗೆ ಗೊತ್ತಿದ್ದದ್ದೇ. ಮನೆ ಕಟ್ಟಿಸುವಾಗ ಟ್ರ್ಯಾಕ್ಟರಿನವನು ‘ಎರಡು ಟ್ರಿಪ್ ಮರಳು’ ಅನ್ನುತ್ತಿರಲಿಲ್ಲವೇ? ಹೋಗಿ ತಿರುಗಿ ಬಂದರೇ ಟ್ರಿಪ್. ‘ಜರ್ನಿ’ ಎಂದರೆ ಒಂದೂರಿನಿಂದ ಇನ್ನೊಂದೂರಿನ ದಾರಿ, ವಾಪಸಿನ ಲೆಕ್ಕ ಅದರಲ್ಲಿಲ್ಲ. ಹಳೆಯ ಫ್ರೆಂಚಿನಲ್ಲಿ ಅದು ಒಂದು ದಿನದ ನಡಿಗೆಯಂತೆ. ‘ವಾಯೇಜ್’ ಸಮುದ್ರದ್ದು. ಮುಂಬಯಿಯಿಂದ ಜಿದ್ದಾಕ್ಕೆ ಹಜ್ ಯಾತ್ರಿಕರ ಹಡಗು 1995ರವರೆಗೂ ಇತ್ತು. ನಮ್ಮ ಅಜ್ಜನವರು ಹೋದದ್ದು ಆ ಹಡಗಿನಲ್ಲೇ, ಹಾಗಾಗಿ ಆ ಪದ ಮರೆಯಲಿಲ್ಲ.

‘ಟ್ರಾವೆಲ್’ ಮಾತ್ರ ಕಾಡಿತು. ಅದರ ಹಿಂದೆ ‘ಎ’ ಹಚ್ಚಿ ‘ಎ ಟ್ರಾವೆಲ್’ ಎನ್ನುವಂತಿಲ್ಲ. ಯಾಕೆಂದರೆ ಅದು ಒಂದು ಪ್ರಯಾಣವಲ್ಲ, ತಿರುಗಾಟವೆಂಬ ಕೆಲಸ. ಅದರ ಮೂಲದಲ್ಲಿ ಕಷ್ಟಪಡುವುದು ಎಂಬ ಅರ್ಥವಿದೆ ಎಂದು ಮಗಳು ಹೇಳಿದಾಗ ನನಗೆ ನಗು ಬಂತು. ನಮ್ಮ ಉರ್ದುವಿನ ‘ಸಫರ್’ ಪಯಣ, ಇಂಗ್ಲಿಷಿನ ‘ಸಫರ್’ ಸಂಕಟ! ಬೆಳಗಿನ ಬಸ್ಸಿನಲ್ಲಿ ಒಂಟಿಗಾಲಲ್ಲಿ ನಿಂತು ಹೋದವರಿಗೆ ಎರಡೂ ಒಂದೇ.

ಇದೆಲ್ಲ ಬರೀ ಮೋಜಾಗಿರಲಿಲ್ಲ. ಎಸೆಸೆಲ್ಸಿ ಆದ ಮೇಲೆ ಅವಳನ್ನು ಕಳಿಸುವುದೇ ಬೇಡವೆಂದು ಭಾವ ಪಟ್ಟು ಹಿಡಿದಿದ್ದರು. ಮೊದಲು ಬಸ್ ಚಾರ್ಜಿನ ಮಾತು ತೆಗೆದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲ ಎಂದೆ. “ಹೋಗೋದು ಸರಿ, ಹೊತ್ತಿಗೆ ಬರ್ತಾಳಾ?” ಎಂದರು. ಅದಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ. ಸಂಜೆ ಬಸ್ಸು ತಡವಾದ ದಿನ ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಕಳಿಸಿದವಳು ನಾನು, ಕಾಯಬೇಕಾದವಳೂ ನಾನೇ.

ನೀವೂ ಗಮನಿಸಿರಬಹುದು, ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ. ‘ಹೋಗ್ಬಿಟ್ರು’ ಎಂದರೆ ಅರ್ಥವೇ ಬೇರೆ. ಕನ್ನಡದಲ್ಲಿ ‘ಬರ್ತೀನಿ’, ದಖನಿಯಲ್ಲಿ ‘ಜಾಕೆ ಆತೂಂ’. ಇದನ್ನೇ ಇಂಗ್ಲಿಷಿನಲ್ಲಿ ‘ಐ ವಿಲ್ ಕಮ್’ ಎಂದರೆ, ಹೊರಟವಳು ಬರುತ್ತೇನೆ ಅನ್ನುತ್ತಿದ್ದಾಳಲ್ಲ ಎಂದು ಕೇಳಿದವರು ಕಕ್ಕಾಬಿಕ್ಕಿಯಾಗುತ್ತಾರಂತೆ. ಅವರು ‘ಐ ಆಮ್ ಗೋಯಿಂಗ್’ ಎಂದು ನೆಟ್ಟಗೆ ಹೇಳಿ ಹೊರಡುತ್ತಾರೆ. ಒಂದು ದಿನ ಮಗಳು ತಮಾಷೆಗೆ ಹಾಗೇ ಹೇಳಿ ಮೆಟ್ಟಿಲಿಳಿದಳು. ನಾನು ಕರೆದು, ‘ಜಾಕೆ ಆತೂಂ’ ಅನ್ನಿಸಿಕೊಂಡೇ ಕಳಿಸಿದೆ.

ಮೊನ್ನೆ ಮತ್ತೆ ರಜಾ ಅರ್ಜಿ ಬರೆದೆ. ‘ವಿಲ್ ಕಮ್’ ಸರಿಯಾಗಿ ಬಂದಿತ್ತು. ‘ಫೀವರ್’ ಸ್ಪೆಲ್ಲಿಂಗ್ ತಪ್ಪಿತ್ತು.